ಒಬ್ಬ ಅಜ್ಜ ದಾವಣಗೆರೆ, ಇನ್ನೊಬ್ಬ ಅಜ್ಜ ಐರ್ಲೆಂಡ್: ಮೊಮ್ಮಗ ಆಡೋದು ಯಾರಿಗೆ?

ಪ್ರಶ್ನೆ: ನಾನು ದಾವಣಗೆರೆಯ ನಿವೃತ್ತ ಹೈಸ್ಕೂಲ್ ಮೇಷ್ಟ್ರು. ಮಗ ಇಂಗ್ಲೆಂಡಿನ ಮ್ಯಾಂಚೆಸ್ಟರ್‌ನಲ್ಲಿದ್ದಾನೆ. ಈಗ ಅವನದು ಬ್ರಿಟಿಷ್ ಪಾಸ್‌ಪೋರ್ಟ್. ಸೊಸೆ ಅಲ್ಲೇ ಹುಟ್ಟಿದವಳು, ಅವಳ ತಂದೆ ಐರ್ಲೆಂಡಿನ ಕಾರ್ಕ್ ಊರಿನವರು. ಮೊಮ್ಮಗನಿಗೆ 15 ವರ್ಷ. ಹುಟ್ಟಿದ್ದು, ಬೆಳೆದಿದ್ದು ಎಲ್ಲ ಅಲ್ಲೇ. ಹೊರದೇಶದ ಪೌರರಾದ ಭಾರತ ಮೂಲದವರಿಗೆ ಕೊಡುವ ಓಸಿಐ ಕಾರ್ಡ್ ಮಾಡಿಸಿದ್ದೇವೆ. ಒಂದು ಫುಟ್‌ಬಾಲ್ ಕ್ಲಬ್ಬಿನ ಅಕಾಡೆಮಿಯಲ್ಲಿ ಆಡುತ್ತಾನೆ. ಈಗ ಐರ್ಲೆಂಡಿನ 16ರೊಳಗಿನವರ ಕ್ಯಾಂಪಿಗೆ ಕರೆ ಬಂದಿದೆ. ಬೆಳಗಿನ ವಾಕಿಂಗ್ ಗೆಳೆಯರು "ಒಂದ್ ಸಲ ಬೇರೆ ದೇಶದ ಜೆರ್ಸಿ ಹಾಕಿದ್ರೆ ಮುಗೀತು, ಇಂಡಿಯಾಕ್ಕೆ ಆಡೋ ಹಾಗಿಲ್ಲ" ಅಂತಾರೆ. ನಿಜವಾ? ಅಜ್ಜ ಹುಟ್ಟಿದ ದೇಶಕ್ಕೆ ಆಡಬಹುದು ಅಂತ ಓದಿದ್ದೇನೆ. ನಾನು 1950ರಲ್ಲಿ ದಾವಣಗೆರೆಯಲ್ಲೇ ಹುಟ್ಟಿದವನು, ಮಗನೂ ಇಲ್ಲೇ ಹುಟ್ಟಿದವನು. ನನ್ನ ಜನನ ದಾಖಲೆ ತೆಗೆಸಿ ಕಳಿಸಿದರೆ ಸಾಕಾ?

ಉತ್ತರ: ಮೇಷ್ಟ್ರೇ, ಮೊದಲು ಗಾಬರಿ ಬಿಡಿ. ಹುಡುಗ ಕ್ಯಾಂಪಿಗೆ ಹೋಗಿ ಬರಲಿ. ಅಲ್ಲಿ ಹಸಿರು ಜೆರ್ಸಿ ಹಾಕಿಕೊಂಡ ಮಾತ್ರಕ್ಕೆ ಯಾವ ಬಾಗಿಲೂ ಮುಚ್ಚುವುದಿಲ್ಲ. ನಿಮ್ಮ ಗೆಳೆಯರು ಹೇಳಿದ್ದು ಒಂದು ಕಾಲಕ್ಕೆ ಸರಿ ಇತ್ತು, ಈಗ ಅರ್ಧ ಸರಿ. ಆದರೆ ಆ ಉಳಿದ ಅರ್ಧ ಇದೆಯಲ್ಲ, ಅದು ಇಂಡಿಯಾ ಮೂಲದ ಹುಡುಗರಿಗೆ ಬೇರೆಯವರಿಗಿಂತ ಜಾಸ್ತಿ ಕಚ್ಚುತ್ತದೆ. ಅದನ್ನು ಆಮೇಲೆ ಬಿಡಿಸಿ ಹೇಳುತ್ತೇನೆ.

ಇನ್ನು ನಿಮ್ಮ ಜನನ ದಾಖಲೆ. ಅದು ಬೇಕಾಗುವುದೇ ಇಲ್ಲ! ನಿಮ್ಮ ಮಗ ದಾವಣಗೆರೆಯಲ್ಲಿ ಹುಟ್ಟಿದವನು ಅಂತ ನೀವೇ ಬರೆದಿದ್ದೀರಿ. ಅಪ್ಪನೇ ಇಲ್ಲಿ ಹುಟ್ಟಿರುವಾಗ ಅಜ್ಜನ ತನಕ ಹೋಗುವ ಅಗತ್ಯ ಏನಿದೆ? ಫುಟ್‌ಬಾಲಿನ ವಿಶ್ವ ಸಂಸ್ಥೆ ಫಿಫಾ ಲೆಕ್ಕದಲ್ಲಿ ನಿಮ್ಮ ಮೊಮ್ಮಗನಿಗೆ ಐರ್ಲೆಂಡಿಗಿಂತ ಇಂಡಿಯಾದ ನಂಟೇ ಹತ್ತಿರದ್ದು. ಅಲ್ಲಿ ಅಜ್ಜ ಒಬ್ಬರು, ಇಲ್ಲಿ ಅಪ್ಪ, ಅಜ್ಜ, ಅಜ್ಜಿ ಎಲ್ಲರೂ. ಹಾಗಿದ್ದೂ ಐರ್ಲೆಂಡಿಗೆ ಆಡುವುದು ಸುಲಭ, ಇಂಡಿಯಾಕ್ಕೆ ಆಡುವುದು ಕಷ್ಟ. ಅಡ್ಡ ನಿಂತಿರುವುದು ಫಿಫಾ ಅಲ್ಲ, ನಮ್ಮದೇ ಪೌರತ್ವ ಕಾನೂನು.

ಒಂದು ದೇಶದ ತಂಡ ಸೇರಬೇಕಾದರೆ ಹುಡುಗ ಎರಡು ಗೇಟು ದಾಟಬೇಕು. ಮೊದಲನೆಯದು ಪೌರತ್ವ. ಆ ದೇಶದ ಕಾಯಂ ಪೌರನಾಗಿರಬೇಕು, ಕೈಯಲ್ಲಿ ಅಲ್ಲಿನ ಪಾಸ್‌ಪೋರ್ಟ್ ಇರಬೇಕು. ವೀಸಾ, ವಾಸದ ಪರವಾನಗಿ ಯಾವುದೂ ನಡೆಯುವುದಿಲ್ಲ. ಎರಡನೆಯದು ನಂಟು. ಹುಟ್ಟಿನಿಂದಲೇ ಬಂದ ಪೌರತ್ವವಾದರೆ ಇದನ್ನು ಹೆಚ್ಚು ಕೆದಕುವುದಿಲ್ಲ. ಆಮೇಲೆ ತೆಗೆದುಕೊಂಡ ಪೌರತ್ವವಾದರೆ ಫಿಫಾ ಕೇಳುತ್ತದೆ: ನೀನು ಆ ನೆಲದಲ್ಲಿ ಹುಟ್ಟಿದೆಯಾ? ನಿನ್ನ ಹೆತ್ತ ಅಪ್ಪನೋ ಅಮ್ಮನೋ ಅಲ್ಲಿ ಹುಟ್ಟಿದರಾ? ಹೋಗಲಿ, ಅಜ್ಜನೋ ಅಜ್ಜಿಯೋ? ಯಾರೂ ಇಲ್ಲ ಅಂದರೆ, 18 ತುಂಬಿದ ಮೇಲೆ 5 ವರ್ಷ ಅಲ್ಲಿ ಬದುಕಿದ್ದೀಯಾ? ಚಿಕ್ಕಂದಿನಲ್ಲೇ ವಲಸೆ ಹೋದ ಮಕ್ಕಳಿಗೆ ಬೇರೆ ಲೆಕ್ಕ ಇದೆ. ನಿಮಗೆ ಅದು ಬೇಡ.

ಈ ಎರಡನೇ ಗೇಟು ಸುಮ್ಮನೆ ಹಾಕಿದ್ದಲ್ಲ. ಮೊದಲೆಲ್ಲ ದೇಶ ಬದಲಾಯಿಸುವುದು ಬಾಡಿಗೆ ಮನೆ ಬದಲಾಯಿಸಿದಷ್ಟೇ ಸಲೀಸು. ಲೂಯಿಸ್ ಮಾಂಟಿ ಅಂತ ಒಬ್ಬ ಇದ್ದ. 1930ರ ವಿಶ್ವಕಪ್ ಫೈನಲ್ ಅರ್ಜೆಂಟೀನಾಕ್ಕೆ ಆಡಿದ, 1934ರ ಫೈನಲ್ ಇಟಲಿಗೆ ಆಡಿದ. ಎರಡು ದೇಶಗಳ ಪರ ವಿಶ್ವಕಪ್ ಫೈನಲ್ ಆಡಿದವನು ಅವನೊಬ್ಬನೇ. ಹಂಗೇರಿಯ ದಂತಕಥೆ ಪುಸ್ಕಾಸ್ 1962ರ ವಿಶ್ವಕಪ್ ಆಡಿದ್ದು ಸ್ಪೇನ್ ಪರ. ಅರ್ಜೆಂಟೀನಾದ ಡಿ ಸ್ಟೆಫಾನೊ ಕೂಡ ಸ್ಪೇನ್ ಅಂಗಿ ಹಾಕಿದವನೇ. ಆಮೇಲೆ ಫಿಫಾ ಬಿಗಿ ಮಾಡಿತು. ಎಷ್ಟು ಬಿಗಿ ಅಂದರೆ ಒಂದು ದೇಶಕ್ಕೆ ಕಾಲಿಟ್ಟರೆ ಜೀವನಪೂರ್ತಿ ಅಲ್ಲೇ. ನಿಮ್ಮ ವಾಕಿಂಗ್ ಗೆಳೆಯರ ತಲೆಯಲ್ಲಿ ಉಳಿದಿರುವುದು ಆ ಕಾಲದ ಕಾನೂನು. 2004ರಲ್ಲಿ ಇನ್ನೊಂದು ಹೊಸ ತಲೆನೋವು ಬಂತು. ಜರ್ಮನಿಯಲ್ಲಿ ಆಡುತ್ತಿದ್ದ ಏಲ್ಟನ್, ಡೆಡೆ ಮುಂತಾದ ಬ್ರೆಜಿಲಿಯನ್ನರನ್ನು ದುಡ್ಡು ಕೊಟ್ಟು ಕರೆಸಿಕೊಳ್ಳಲು ಕತಾರ್ ಹೊರಟಿತ್ತು. ಅವರಿಗೂ ಕತಾರಿಗೂ ಏನು ಸಂಬಂಧ? ಏನೂ ಇಲ್ಲ. ಫಿಫಾ ತರಾತುರಿಯಲ್ಲಿ ಸಭೆ ಸೇರಿ ‘ಸ್ಪಷ್ಟ ನಂಟು ತೋರಿಸು’ ಅಂತ ನಿಯಮ ತಂದಿತು. ಅಪ್ಪ, ಅಜ್ಜ, ವಾಸದ ವರ್ಷ ಎಲ್ಲ ಲೆಕ್ಕಕ್ಕೆ ಬಂದದ್ದು ಹೀಗೆ.

ಈಗ ನಿಮ್ಮ ಹುಡುಗನ ವಿಷಯಕ್ಕೆ ಬರೋಣ. ಇಂಗ್ಲೆಂಡ್: ಅಲ್ಲೇ ಹುಟ್ಟಿದ, ಅಲ್ಲಿನ ಪಾಸ್‌ಪೋರ್ಟ್ ಇದೆ, ಏನೂ ತಕರಾರಿಲ್ಲ. ಐರ್ಲೆಂಡ್: ನಿಮ್ಮ ಬೀಗರು ಕಾರ್ಕಿನಲ್ಲಿ ಹುಟ್ಟಿದವರು. ಅಜ್ಜ ಐರ್ಲೆಂಡಿನಲ್ಲಿ ಹುಟ್ಟಿದ್ದರೆ ಮೊಮ್ಮಗ ಅಲ್ಲಿನ ವಿದೇಶಿ ಜನನ ನೋಂದಣಿ ಪುಸ್ತಕದಲ್ಲಿ ಹೆಸರು ಸೇರಿಸಿ ಪೌರನಾಗಬಹುದು. ಬ್ರಿಟಿಷ್ ಪಾಸ್‌ಪೋರ್ಟ್ ಬಿಡಬೇಕಾಗಿಲ್ಲ. ಒಂದು ದಿನವೂ ಐರ್ಲೆಂಡಿನಲ್ಲಿ ವಾಸ ಮಾಡಬೇಕಾಗಿಲ್ಲ. ಬೀಗರ ಜನನ ಪತ್ರವೂ ಸುಲಭವಾಗಿ ಸಿಗುತ್ತದೆ, 1864ರಿಂದಲೇ ಅಲ್ಲಿ ಎಲ್ಲರ ಹುಟ್ಟೂ ಬರೆದಿಟ್ಟಿದ್ದಾರೆ. ಅಷ್ಟಾದರೆ ಎರಡೂ ಗೇಟು ತೆರೆದಂತೆ.

ಐರ್ಲೆಂಡಿನವರು ಈ ಅಜ್ಜ-ಅಜ್ಜಿ ದಾರಿಯನ್ನು ಬಳಸಿಕೊಂಡಷ್ಟು ಚೆನ್ನಾಗಿ ಬೇರೆ ಯಾರೂ ಬಳಸಿಲ್ಲ. 1986ರಲ್ಲಿ ಇಂಗ್ಲೆಂಡಿನವರೇ ಆದ ಜ್ಯಾಕ್ ಚಾರ್ಲ್ಟನ್ ಅಲ್ಲಿ ಕೋಚ್ ಆದರು. ಇಂಗ್ಲೆಂಡ್, ಸ್ಕಾಟ್‌ಲೆಂಡಿನಲ್ಲಿ ಹುಟ್ಟಿದ ಐರಿಷ್ ಮೂಲದ ಹುಡುಗರನ್ನು ಹುಡುಕಿ ಹುಡುಕಿ ತಂದರು. ಗ್ಲಾಸ್ಗೋದಲ್ಲಿ ಹುಟ್ಟಿದ ರೇ ಹೌಟನ್ 1988ರ ಯೂರೋದಲ್ಲಿ (ಯುರೋಪಿನ ದೇಶಗಳ ಟೂರ್ನಿ) ಇಂಗ್ಲೆಂಡ್ ವಿರುದ್ಧವೇ ಗೋಲು ಹೊಡೆದು ಗೆಲ್ಲಿಸಿದ. 1990ರಲ್ಲಿ ಆ ಪುಟ್ಟ ದೇಶ ವಿಶ್ವಕಪ್ ಕ್ವಾರ್ಟರ್ ಫೈನಲ್ ಮುಟ್ಟಿತು. ನಿಮ್ಮ ಮೊಮ್ಮಗನಿಗೆ ಕರೆ ಬಂದಿರುವುದು ಅದೇ ಹಳೇ ಬಲೆಯಿಂದ. ಅವನ ಆಟ ಒಬ್ಬರ ಕಣ್ಣಿಗೆ ಬಿದ್ದಿದೆ, ಅಮ್ಮನ ಅಪ್ಪ ಎಲ್ಲಿಯವರು ಅಂತ ವಿಚಾರಿಸಿದ್ದಾರೆ, ಅಷ್ಟೇ.

ಈಗ ‘ಜೆರ್ಸಿ ಹಾಕಿದರೆ ಮುಗೀತು’ ಅನ್ನುವ ಮಾತು. ಇಲ್ಲಿ ಪಂದ್ಯ ಎರಡು ಜಾತಿ. ಸೌಹಾರ್ದ ಪಂದ್ಯ ಅಂದರೆ ಹೆಣ್ಣು ನೋಡೋ ಶಾಸ್ತ್ರ ಇದ್ದಂತೆ. ಉಪ್ಪಿಟ್ಟು ಕೇಸರಿಬಾತು ತಿಂದು, ಆಮೇಲೆ ಹೇಳಿ ಕಳಿಸ್ತೀವಿ ಅಂತ ಎದ್ದು ಬರಬಹುದು. ಯಾರೂ ಕಟ್ಟಿಹಾಕುವ ಹಾಗಿಲ್ಲ. ಅಧಿಕೃತ ಟೂರ್ನಿಯ ಪಂದ್ಯ, ಅಂದರೆ ವಿಶ್ವಕಪ್ಪು, ಯೂರೋ, ಅವುಗಳ ಅರ್ಹತಾ ಸುತ್ತು, ಕಿರಿಯರ ಯೂರೋ ಕೂಡ, ಇವೆಲ್ಲ ನಿಶ್ಚಿತಾರ್ಥ. ಒಂದು ನಿಮಿಷ ಮೈದಾನಕ್ಕೆ ಇಳಿದರೂ ಲೆಕ್ಕ. ಬೆಂಚಿನಲ್ಲಿ ಕೂತು ಬಂದರೆ ಲೆಕ್ಕಕ್ಕಿಲ್ಲ.

ಡಿಯಾಗೊ ಕೋಸ್ಟಾ 2013ರಲ್ಲಿ ಬ್ರೆಜಿಲ್ ಪರ ಎರಡು ಪಂದ್ಯ ಆಡಿದ, ಎರಡೂ ಸೌಹಾರ್ದ. ಮರುವರ್ಷ ಬ್ರೆಜಿಲ್‌ನಲ್ಲೇ ನಡೆದ ವಿಶ್ವಕಪ್‌ನಲ್ಲಿ ಸ್ಪೇನ್ ಪರ ಇಳಿದ. ಅಲ್ಲಿನ ಜನ ಅವನನ್ನು ಹೇಗೆ ಹೀಯಾಳಿಸಿದರು ಅಂತ ಪಂದ್ಯ ನೋಡಿದವರಿಗೆ ನೆನಪಿರುತ್ತದೆ. ನಿಮಗೆ ಇನ್ನೂ ಹತ್ತಿರದ ಉದಾಹರಣೆ ಡೆಕ್ಲನ್ ರೈಸ್. ಹುಟ್ಟಿದ್ದು ಲಂಡನ್, ಅಪ್ಪನ ಕಡೆ ಅಜ್ಜ-ಅಜ್ಜಿ ಕಾರ್ಕಿನವರು. ನಿಮ್ಮ ಬೀಗರ ಊರೇ! ಕಿರಿಯರ ತಂಡಗಳಲ್ಲೆಲ್ಲ ಐರ್ಲೆಂಡಿಗೆ ಆಡಿದ. 2018ರಲ್ಲಿ ಹಿರಿಯರ ತಂಡದಲ್ಲೂ ಮೂರು ಪಂದ್ಯ ಆಡಿದ. ಮೂರೂ ಸೌಹಾರ್ದ. 2019ರಲ್ಲಿ ಇಂಗ್ಲೆಂಡ್ ಪರ ನಿಂತ. ಐರ್ಲೆಂಡಿನವರು ಬೈದುಕೊಂಡರು, ಕಾನೂನು ಏನೂ ಅನ್ನಲಿಲ್ಲ.

16ರೊಳಗಿನವರ ಮಟ್ಟದಲ್ಲಿ ಬಹುತೇಕ ಸೌಹಾರ್ದ ಪಂದ್ಯಗಳೇ ಇರುತ್ತವೆ. 17ರೊಳಗಿನವರ ಯೂರೋ ಅರ್ಹತಾ ಸುತ್ತಿನಿಂದ ಅಧಿಕೃತ ಪಂದ್ಯಗಳು ಶುರು. ಹಾಗಾಗಿ ಈಗಿನ ಕ್ಯಾಂಪಿಗೆ ತಲೆ ಕೆಡಿಸಿಕೊಳ್ಳಬೇಡಿ. ಮುಂದಿನ ವರ್ಷದಿಂದ ಕೇಳಬೇಕಾದ ಪ್ರಶ್ನೆ ಒಂದೇ: "ಇದು ಅಧಿಕೃತ ಪಂದ್ಯವಾ?"

ಅಧಿಕೃತ ಪಂದ್ಯ ಆಡಿದ ಮೇಲೂ ಬದಲಾಯಿಸಬಹುದು, ಒಂದೇ ಸಲ, ಫಿಫಾಗೆ ಅರ್ಜಿ ಹಾಕಿ. ಇದು ಎಷ್ಟು ಕಷ್ಟಪಟ್ಟು ಸಡಿಲವಾಯಿತು ಅನ್ನುವುದಕ್ಕೆ ಮುನೀರ್ ಎಲ್ ಹದ್ದಾದಿಯ ಕಥೆ ಕೇಳಿ. ಬಾರ್ಸಿಲೋನಾ ಕ್ಲಬ್ಬಿನ ಹುಡುಗ, ಅಪ್ಪ ಮೊರೊಕ್ಕೊದವರು. 2014ರ ಸೆಪ್ಟೆಂಬರ್‌ನಲ್ಲಿ, 19ನೇ ವಯಸ್ಸಿಗೆ, ಯೂರೋ ಅರ್ಹತಾ ಪಂದ್ಯದಲ್ಲಿ ಸ್ಪೇನ್ ಪರ ಬದಲಿ ಆಟಗಾರನಾಗಿ ಇಳಿದ. ಆಡಿದ್ದು 13 ನಿಮಿಷ. ಸ್ಪೇನ್ ಮತ್ತೆ ಕರೆಯಲೇ ಇಲ್ಲ. 2018ರ ವಿಶ್ವಕಪ್‌ಗೆ ಮೊರೊಕ್ಕೊ ಪರ ಆಡುತ್ತೇನೆ ಅಂದ. ಫಿಫಾ ಆಗಲ್ಲ ಅಂದಿತು. ಲೂಸಾನ್‌ನ ಕ್ರೀಡಾ ನ್ಯಾಯಮಂಡಳಿಗೆ ಹೋದ, ಅಲ್ಲೂ ಸೋತ. 13 ನಿಮಿಷಕ್ಕೆ ಆರೂವರೆ ವರ್ಷ ಮನೆಯಲ್ಲಿ ಕೂತ! ಕೊನೆಗೆ 2020ರ ಸೆಪ್ಟೆಂಬರ್‌ನಲ್ಲಿ ಫಿಫಾ ನಿಯಮ ಬದಲಾಯಿಸಿತು. 21 ತುಂಬುವುದರೊಳಗೆ ಹಿರಿಯರ ತಂಡಕ್ಕೆ ಮೂರು ಪಂದ್ಯಕ್ಕಿಂತ ಜಾಸ್ತಿ ಆಡಿರಬಾರದು, ವಿಶ್ವಕಪ್ ಅಥವಾ ಖಂಡದ ಟೂರ್ನಿಯ ಮುಖ್ಯ ಸುತ್ತಿನಲ್ಲಿ ಆಡಿರಬಾರದು, ಕೊನೇ ಪಂದ್ಯ ಆಡಿ ಮೂರು ವರ್ಷ ಆಗಿರಬೇಕು. ಇಷ್ಟಿದ್ದರೆ ಬದಲಾಯಿಸಬಹುದು. ಮುನೀರ್ 2021ರಲ್ಲಿ ಮೊರೊಕ್ಕೊ ಅಂಗಿ ಹಾಕಿದ.

ಇದನ್ನು ಓದಿ "ಹಾಗಾದ್ರೆ ನಮ್ಮ ಹುಡುಗನೂ ಆಮೇಲೆ ಬದಲಾಯಿಸಬಹುದಲ್ಲ" ಅಂದುಕೊಳ್ಳಬೇಡಿ. ನಾನು ಮೊದಲು ಹೇಳಿದ ಕಚ್ಚುವ ಅರ್ಧ ಇರುವುದು ಇಲ್ಲೇ. ಮುನೀರನ ದಾರಿಗೆ ಇನ್ನೊಂದು ಷರತ್ತು ಇದೆ, ಅದನ್ನು ಪತ್ರಿಕೆಗಳು ಸಾಮಾನ್ಯವಾಗಿ ಬರೆಯುವುದಿಲ್ಲ. ಮೊದಲ ದೇಶಕ್ಕೆ ಮೊದಲ ಅಧಿಕೃತ ಪಂದ್ಯ ಆಡಿದ ದಿನವೇ ಎರಡನೇ ದೇಶದ ಪೌರತ್ವ ಅವನಿಗೆ ಇದ್ದಿರಬೇಕು. ಎರಡೆರಡು ಪೌರತ್ವ ಇಟ್ಟುಕೊಳ್ಳಬಹುದಾದ ಮೊರೊಕ್ಕೊ, ಘಾನಾ, ಐರ್ಲೆಂಡ್ ಮೂಲದ ಮಕ್ಕಳಿಗೆ ಇದು ಸಮಸ್ಯೆಯೇ ಅಲ್ಲ. ಇಂಡಿಯಾ ಮೂಲದ ಮಕ್ಕಳಿಗೆ? ಇಂಡಿಯಾ ಎರಡು ಪೌರತ್ವ ಒಪ್ಪುವುದಿಲ್ಲ. ಬ್ರಿಟಿಷ್ ಪಾಸ್‌ಪೋರ್ಟ್ ಇರುವವನು ಅದೇ ದಿನ ಭಾರತೀಯ ಪೌರನಾಗಿರಲು ಸಾಧ್ಯವೇ ಇಲ್ಲ. ಅಂದರೆ ನಿಮ್ಮ ಮೊಮ್ಮಗ ಐರ್ಲೆಂಡಿನ ಅಥವಾ ಇಂಗ್ಲೆಂಡಿನ ಹಿರಿಯರ ತಂಡಕ್ಕೆ ಒಂದೇ ಒಂದು ಅಧಿಕೃತ ಪಂದ್ಯ ಆಡಿದರೂ ಇಂಡಿಯಾದ ಬಾಗಿಲು ಮುಚ್ಚಿತು. ಮೂರು ಪಂದ್ಯದ ರಿಯಾಯಿತಿ, ಮೂರು ವರ್ಷದ ಕಾಯುವಿಕೆ ಯಾವುದೂ ಅವನಿಗೆ ಸಿಗುವುದಿಲ್ಲ.

ಕಿರಿಯರ ತಂಡಗಳಿಗೆ ಮಾತ್ರ ಆಡಿದ್ದರೆ ಇನ್ನೊಂದು ಕಿಂಡಿ ಇದೆ. ಆಗ ಹೊಸ ದೇಶದ ಪೌರತ್ವ ಇರದಿದ್ದರೂ ನಡೆಯುತ್ತದೆ. ಆದರೆ ಹಳೇ ದೇಶಕ್ಕೆ ಕೊನೆಯ ಅಧಿಕೃತ ಪಂದ್ಯ ಆಡಿದಾಗ 21 ತುಂಬಿರಬಾರದು, ಹೊಸ ದೇಶದ ಜೊತೆ ಅಪ್ಪನದೋ ಅಜ್ಜನದೋ ನಂಟು ಇರಬೇಕು. ನಂಟು ನಿಮ್ಮ ಹುಡುಗನಿಗೆ ಧಾರಾಳ ಇದೆ. ವಯಸ್ಸಿನ ವಿಷಯದಲ್ಲಿ ಮಾತ್ರ ಎಚ್ಚರ. ‘21ರೊಳಗಿನವರ ತಂಡ’ ಅನ್ನುವ ಹೆಸರು ನಂಬಬೇಡಿ. ಆ ಯೂರೋದಲ್ಲಿ ವಯಸ್ಸು ಎಣಿಸುವುದು ಅರ್ಹತಾ ಸುತ್ತು ಶುರುವಾಗುವ ಹೊತ್ತಿಗೆ. ಟೂರ್ನಿ ಮುಗಿಯುವಷ್ಟರಲ್ಲಿ ಅಲ್ಲಿ 22, 23ರ ಹುಡುಗರು ಆಡುತ್ತಿರುತ್ತಾರೆ. 21 ತುಂಬಿದ ಮರುದಿನ ಆ ತಂಡಕ್ಕೆ ಒಂದು ಅರ್ಹತಾ ಪಂದ್ಯ ಆಡಿದರೂ ಈ ಕಿಂಡಿ ಮುಚ್ಚುತ್ತದೆ. ನಾನು ದುರ್ಗದವನು, ಕಿಂಡಿ ಅಂದರೆ ನನಗೆ ನೆನಪಾಗುವುದು ಓಬವ್ವನ ಕಿಂಡಿಯೇ. ಒಬ್ಬ ಬಗ್ಗಿ ನುಸುಳುವಷ್ಟು ಜಾಗ ಇದೆ. ಆಚೆ ಕಡೆ ಒನಕೆ ಹಿಡಿದು ನಿಂತಿರುವುದು ನಮ್ಮ ಪೌರತ್ವ ಕಾಯ್ದೆ.

ಆ ಕಾಯ್ದೆ 1955ರದು. ಭಾರತೀಯ ಪೌರನಾಗಿದ್ದ ಅಪ್ಪನ ಅಥವಾ ಅಮ್ಮನ ಮಗ, 18 ತುಂಬಿದ ಮೇಲೆ, ಅರ್ಜಿ ಹಾಕುವ ಮುಂಚೆ 12 ತಿಂಗಳು ಇಂಡಿಯಾದಲ್ಲೇ ವಾಸ ಮಾಡಿದ್ದರೆ ಪೌರತ್ವ ಕೇಳಬಹುದು. ನಡುವೆ ಹೊರಗೆ ಹೋಗಿ ಬರಲು ಎಲ್ಲ ಸೇರಿ ಹೆಚ್ಚೆಂದರೆ 30 ದಿನದ ವಿನಾಯಿತಿ, ಅದೂ ಸರ್ಕಾರ ಕೊಟ್ಟರೆ. ಪೌರತ್ವ ಸಿಗುವ ಹೊತ್ತಿಗೆ ಬ್ರಿಟಿಷ್, ಐರಿಷ್ ಎರಡನ್ನೂ ಬಿಡಬೇಕು. ಅಜ್ಜ ಅಂತ ನೀವಿರುವುದು ಫಿಫಾಗೆ ಕಾಣುತ್ತದೆ, ಈ ಕಲಮಿಗೆ ಕಾಣುವುದಿಲ್ಲ. ಅದಕ್ಕೆ ಬೇಕಾಗಿರುವುದು ನಿಮ್ಮ ಮಗ ಒಮ್ಮೆ ಭಾರತೀಯನಾಗಿದ್ದ ಅನ್ನುವುದರ ದಾಖಲೆ.

ಆ 12 ತಿಂಗಳ ಷರತ್ತನ್ನು ಇನ್ನೊಮ್ಮೆ ಓದಿ. ಯುರೋಪಿನಲ್ಲಿ ಆಡುವ ವೃತ್ತಿ ಆಟಗಾರ ಒಂದು ವರ್ಷ ಇಂಡಿಯಾದಲ್ಲಿ ಬಂದು ಕೂರುವುದು ಹೇಗೆ? ಇಲ್ಲಿನ ಕ್ಲಬ್ ಸೇರಿದರೆ ಮಾತ್ರ. ಹೊರದೇಶದ ಪೌರತ್ವ ಬಿಟ್ಟು ಇಂಡಿಯಾ ಕಡೆ ಬಂದ ಇಬ್ಬರ ದಾರಿ ನೋಡಿ, ಅದೇ. ಜಪಾನಿನಲ್ಲಿ ಹುಟ್ಟಿದ ಅರಾತಾ ಇಜುಮಿ, ಅಪ್ಪ ಭಾರತೀಯ, ಅಮ್ಮ ಜಪಾನಿ. ವರ್ಷಗಟ್ಟಲೆ ಇಲ್ಲಿನ ಕ್ಲಬ್‌ಗಳಲ್ಲಿ ಆಡಿ, ಜಪಾನಿ ಪೌರತ್ವ ಬಿಟ್ಟು, 2012ರಲ್ಲಿ ಭಾರತೀಯರಾದರು. ನೀಲಕಂಠ ಖಂಬೋಲ್ಜಾ ಅಂತ ಹೆಸರೂ ಇಟ್ಟುಕೊಂಡರು. 2013ರಲ್ಲಿ ಭಾರತ ತಂಡಕ್ಕೆ ಆಡಿದರು. ಇನ್ನೊಬ್ಬರು ರಯಾನ್ ವಿಲಿಯಮ್ಸ್. ಪರ್ತ್‌ನಲ್ಲಿ ಹುಟ್ಟಿದವರು, ಅಮ್ಮ ಮುಂಬೈನ ಆಂಗ್ಲೋ ಇಂಡಿಯನ್ ಕುಟುಂಬದವರು. 2019ರಲ್ಲಿ ಆಸ್ಟ್ರೇಲಿಯಾದ ಹಿರಿಯರ ತಂಡಕ್ಕೆ ಒಂದು ಪಂದ್ಯ ಆಡಿದ್ದರು. ಸೌಹಾರ್ದ ಪಂದ್ಯ, ಹಾಗಾಗಿ ಬಚಾವ್! ನಮ್ಮ ಬೆಂಗಳೂರು ಎಫ್‌ಸಿಗೆ ಬಂದು ಇಲ್ಲೇ ನೆಲೆಸಿದರು. 2025ರಲ್ಲಿ ಆಸ್ಟ್ರೇಲಿಯಾ ಪೌರತ್ವ ಬಿಟ್ಟು ಭಾರತೀಯ ಪಾಸ್‌ಪೋರ್ಟ್ ಪಡೆದರು. ಆಗ ಅವರ ವಯಸ್ಸು 32.

ಓಸಿಐ ಕಾರ್ಡ್ ಇದೆಯಲ್ಲ ಅಂತ ನೀವು ಕೇಳಬಹುದು. ಎಲ್ಲರೂ ಕೇಳುತ್ತಾರೆ. ಅದರ ಹೆಸರಿನಲ್ಲಿ ‘ಸಿಟಿಜನ್’ ಅಂತಿದೆ, ಆದರೆ ಅದು ಪೌರತ್ವ ಅಲ್ಲ. ಕಾಯಂ ವೀಸಾ ಅಂದುಕೊಳ್ಳಿ. ವೋಟು ಇಲ್ಲ, ಪಾಸ್‌ಪೋರ್ಟ್ ಇಲ್ಲ. 2008ರ ಕೊನೆಯಲ್ಲಿ ಕೇಂದ್ರ ಕ್ರೀಡಾ ಇಲಾಖೆ ಭಾರತೀಯ ಪಾಸ್‌ಪೋರ್ಟ್ ಇದ್ದವರಷ್ಟೇ ದೇಶದ ತಂಡಕ್ಕೆ ಅಂತ ನಿಯಮ ಮಾಡಿತು. ಅದನ್ನು ಸಡಿಲಿಸಬೇಕು ಅನ್ನುವ ಮಾತು ಆಗಾಗ ಎದ್ದು ಮಲಗುತ್ತದೆ. ಆದರೆ ಫುಟ್‌ಬಾಲ್ ಮಟ್ಟಿಗೆ ಇಲಾಖೆ ನಾಳೆಯೇ ಸಡಿಲಿಸಿದರೂ ಪ್ರಯೋಜನ ಇಲ್ಲ. ಫಿಫಾದ ಮೊದಲ ಗೇಟಿನಲ್ಲಿ ಕೇಳುವುದು ಪೌರತ್ವ. ಅಲ್ಲಿ ಓಸಿಐ ಕಾರ್ಡ್ ತೋರಿಸಿದರೆ ವಾಪಸ್ ಕಳಿಸುತ್ತಾರೆ.

ಪಕ್ಕದ ಬಾಂಗ್ಲಾದೇಶದ ಕಡೆ ನೋಡಿದರೆ ಹೊಟ್ಟೆ ಉರಿಯುತ್ತದೆ. ಹಮ್ಜಾ ಚೌಧುರಿ ಇಂಗ್ಲೆಂಡಿನಲ್ಲಿ ಹುಟ್ಟಿದವನು, ಅಮ್ಮ ಬಾಂಗ್ಲಾದೇಶಿ, ಇಂಗ್ಲೆಂಡಿನ 21ರೊಳಗಿನವರ ತಂಡಕ್ಕೆ ಆಡಿದವನು. ಬಾಂಗ್ಲಾದೇಶ ಎರಡು ಪೌರತ್ವಕ್ಕೆ ಅವಕಾಶ ಕೊಡುತ್ತದೆ. ಪಾಸ್‌ಪೋರ್ಟ್ ಮಾಡಿಸಿಕೊಂಡ, 2024ರ ಡಿಸೆಂಬರ್‌ನಲ್ಲಿ ಫಿಫಾ ಒಪ್ಪಿತು. 2025ರ ಮಾರ್ಚ್‌ನಲ್ಲಿ ಮೊದಲ ಪಂದ್ಯ, ಶಿಲ್ಲಾಂಗ್‌ನಲ್ಲಿ, ನಮ್ಮ ಮೇಲೇ. ಗೋಲಿಲ್ಲದೆ ಡ್ರಾ. ಅದೇ ನವೆಂಬರ್‌ನಲ್ಲಿ ಢಾಕಾದಲ್ಲಿ ನಾವು 1-0ಯಿಂದ ಸೋತೆವು. ಅವರು ನಮ್ಮನ್ನು ಸೋಲಿಸಿದ್ದು 22 ವರ್ಷಗಳ ನಂತರ. ಮೊರೊಕ್ಕೊ 2022ರ ವಿಶ್ವಕಪ್ ಸೆಮಿಫೈನಲ್ ಮುಟ್ಟಿದಾಗ ಅವರ 26 ಆಟಗಾರರಲ್ಲಿ 14 ಮಂದಿ ಹೊರದೇಶದಲ್ಲಿ ಹುಟ್ಟಿದವರು. ಹಾಗಂತ ಹೊರಗಿನವರನ್ನು ತಂದರೆ ನಮ್ಮ ಫುಟ್‌ಬಾಲ್ ಉದ್ಧಾರ ಆಗಿಬಿಡುತ್ತದೆ ಅಂತ ನಾನು ನಂಬುವವನಲ್ಲ. ದಾವಣಗೆರೆ ಹೈಸ್ಕೂಲ್ ಮೈದಾನದಲ್ಲಿ ಸಂಜೆ ಹೊತ್ತು ಎಷ್ಟು ಚೆಂಡು ಕಾಲಲ್ಲಿವೆ, ಎಷ್ಟು ಬ್ಯಾಟಿಗೆ ಬೀಳುತ್ತಿವೆ ಅಂತ ನೀವೇ ಎಣಿಸಿ ನೋಡಿ. ಆದರೆ ಬರುತ್ತೇನೆ ಅನ್ನುವ ಹುಡುಗನಿಗೆ ‘ಮೊದಲು ಮನೆ ಮಾರಿ ಬಾ’ ಅನ್ನುವುದು ನನಗೆ ಸರಿ ಕಾಣುವುದಿಲ್ಲ.

ಮನೆ ಮಾರಿ ಅಂದದ್ದು ಸುಮ್ನೆ ಮಾತಿಗಲ್ಲ. ಭಾರತೀಯ ಪಾಸ್‌ಪೋರ್ಟ್ ಹಿಡಿದ ಮೇಲೆ ನಿಮ್ಮ ಮೊಮ್ಮಗ ತಾನು ಹುಟ್ಟಿದ ಮ್ಯಾಂಚೆಸ್ಟರ್‌ನಲ್ಲೇ ಆಡಬೇಕೆಂದರೂ ಕೆಲಸದ ವೀಸಾ ಬೇಕು. ಫುಟ್‌ಬಾಲ್ ಆಟಗಾರರಿಗೆ ಅಲ್ಲಿ ಅಂಕದ ಲೆಕ್ಕ ಇದೆ, ದೇಶದ ತಂಡದ ರ್‍ಯಾಂಕಿಂಗ್ ಕೂಡ ಅದರಲ್ಲಿ ಬರುತ್ತದೆ. ಇಂಡಿಯಾ ನೂರರ ಆಚೆ ಇರುವ ತಂಡ. ಹಾಗಾಗಿ 19ರ ಹುಡುಗನಿಗೆ ಇದು ಬರೀ ಜೆರ್ಸಿ ಪ್ರಶ್ನೆಯಲ್ಲ, ಓದು, ಕೆಲಸ, ಅಪ್ಪ-ಅಮ್ಮನ ಜೊತೆ ಇರುವುದು, ಎಲ್ಲದರ ಪ್ರಶ್ನೆ. ಬ್ರಿಟಿಷ್ ಕಾನೂನಿನಲ್ಲಿ ಒಂದು ಸಮಾಧಾನ ಇದೆ. ಬೇರೆ ಪೌರತ್ವ ಪಡೆಯಲು ಅಂತ ಬಿಟ್ಟವರು ಒಂದು ಸಲ ವಾಪಸ್ ಪಡೆಯಬಹುದು. ಪಡೆದ ದಿನ ಭಾರತೀಯ ಪೌರತ್ವ ಹೋಗುತ್ತದೆ.

ಕಾಗದಪತ್ರದ ಬಗ್ಗೆ ನೀವು ಕೇಳಿದ್ದರಿಂದ ಸ್ವಲ್ಪ ಹೇಳುತ್ತೇನೆ, ನನ್ನ ದಿನದ ಕೆಲಸವೇ ಅದು. ಒಮ್ಮೆ ಕಕ್ಷಿದಾರರೊಬ್ಬರಿಗಾಗಿ ಒಂದು ಕಚೇರಿಯ ರೆಕಾರ್ಡ್ ರೂಮಿನಿಂದ 1948ರ ಜನನ ರಿಜಿಸ್ಟರ್ ತೆಗೆಸಿದೆ. ಉದ್ದನೆಯ ಪುಸ್ತಕ, ಅಂಚು ಗೆದ್ದಲು ತಿಂದಿತ್ತು, ಕಪ್ಪು ಶಾಯಿ ಕಂದಾಗಿತ್ತು. ಎರಡು ದಿನ ಹುಡುಕಿದ ಮೇಲೆ ಸಾಲು ಸಿಕ್ಕಿತು. ತಂದೆ ಹೆಸರು ಇದೆ, ಊರು ಇದೆ, ಜಾತಿ ಇದೆ. ಮಗುವಿನ ಹೆಸರು ಇರಬೇಕಾದ ಕಡೆ ‘ಗಂಡು’ ಅಂತ ಬರೆದಿದೆ, ಅಷ್ಟೇ. ಆ ಮನೆಯಲ್ಲಿ ಗಂಡು ಮಕ್ಕಳು ಐದು ಜನ! ಶಾಲೆ ದಾಖಲೆ ನೋಡೋಣ ಅಂದರೆ ಹುಟ್ಟಿದ ದಿನ ಜೂನ್ 1. ನೀವು ಮೇಷ್ಟ್ರು, ಆ ಜೂನ್ 1ರ ಗುಟ್ಟು ನಿಮಗೆ ನಾನು ಹೇಳಬೇಕಾಗಿಲ್ಲ.

ನಿಮ್ಮ ಮಗನದು ಅಷ್ಟು ಕಷ್ಟವಾಗಲಿಕ್ಕಿಲ್ಲ. ಅವನ ಜನನ ಪತ್ರದಲ್ಲಿ ‘ಚಿತ್ರದುರ್ಗ ಜಿಲ್ಲೆ’ ಅಂತ ಇದ್ದರೆ ತಪ್ಪು ಬರೆದಿದ್ದಾರೆ ಅಂತ ತಿದ್ದಿಸಲು ಹೋಗಬೇಡಿ. ದಾವಣಗೆರೆ ಬೇರೆ ಜಿಲ್ಲೆ ಆಗಿದ್ದು 1997ರ ಆಗಸ್ಟ್ 15ಕ್ಕೆ, ಅಲ್ಲಿಯವರೆಗೆ ನೀವೆಲ್ಲ ನಮ್ಮವರೇ. ಅದರ ಜೊತೆ ಮಗನ ಹಳೇ ಭಾರತೀಯ ಪಾಸ್‌ಪೋರ್ಟ್, ಬ್ರಿಟಿಷ್ ಪೌರತ್ವ ಪಡೆದಾಗ ಅದನ್ನು ಒಪ್ಪಿಸಿದ್ದಕ್ಕೆ ಕೊಟ್ಟ ಸರೆಂಡರ್ ಸರ್ಟಿಫಿಕೇಟ್, ಎರಡನ್ನೂ ಜೋಪಾನ ಮಾಡಲು ಹೇಳಿ. ‘ಅಪ್ಪ ಭಾರತೀಯನಾಗಿದ್ದ’ ಅನ್ನುವುದಕ್ಕೆ ಅದೇ ಸಾಕ್ಷಿ. ಮೂರೂ ಕಡೆ ಹೆಸರಿನ ಸ್ಪೆಲ್ಲಿಂಗ್ ಒಂದೇ ಇದೆಯಾ ನೋಡಿಕೊಳ್ಳಿ. ಇನಿಶಿಯಲ್ ಒಂದು ಕಡೆ ಮುಂದೆ, ಇನ್ನೊಂದು ಕಡೆ ಹಿಂದೆ ಇದ್ದರೆ ಅಲ್ಲೇ ತಿಂಗಳುಗಟ್ಟಲೆ ಸಿಕ್ಕಿಹಾಕಿಕೊಳ್ಳುತ್ತದೆ.

‘ಸ್ವಲ್ಪ ಅಡ್ಜಸ್ಟ್ ಮಾಡಿಸಿಕೊಡ್ತೀವಿ’ ಅನ್ನುವವರ ಹತ್ತಿರ ಮಾತ್ರ ಸುಳಿಯಬೇಡಿ. 2025ರಲ್ಲಿ ಮಲೇಷ್ಯಾದಲ್ಲಿ ಆಗಿದ್ದು ಇದೇ. ಏಳು ವಿದೇಶಿ ಆಟಗಾರರ ಅಜ್ಜ-ಅಜ್ಜಿ ಮಲೇಷ್ಯಾದಲ್ಲಿ ಹುಟ್ಟಿದವರು ಅಂತ ದಾಖಲೆ ಕೊಟ್ಟರು. ಜೂನ್‌ನಲ್ಲಿ ವಿಯೆಟ್ನಾಂ ಮೇಲೆ 4-0 ಗೆದ್ದರು. ಫಿಫಾ ಮೂಲ ರಿಜಿಸ್ಟರ್‌ಗಳನ್ನೇ ತರಿಸಿ ನೋಡಿತು. ಆ ಅಜ್ಜ-ಅಜ್ಜಿಯರು ಹುಟ್ಟಿದ್ದು ಅರ್ಜೆಂಟೀನಾ, ಬ್ರೆಜಿಲ್, ಸ್ಪೇನ್, ನೆದರ್‌ಲ್ಯಾಂಡ್ಸ್‌ನಲ್ಲಿ. ಸೆಪ್ಟೆಂಬರ್‌ನಲ್ಲಿ ಏಳು ಜನಕ್ಕೂ 12 ತಿಂಗಳ ನಿಷೇಧ, ಅಲ್ಲಿನ ಸಂಸ್ಥೆಗೆ ಮೂರೂವರೆ ಲಕ್ಷ ಸ್ವಿಸ್ ಫ್ರಾಂಕ್ ದಂಡ ಹಾಕಿತು.

ಈಗ ನನ್ನ ಅಭಿಪ್ರಾಯ ಕೇಳಿದರೆ: ಐರ್ಲೆಂಡ್ ಕ್ಯಾಂಪಿಗೆ ಹೋಗಲಿ. ಮುಂದೆ 17, 19ರೊಳಗಿನವರ ತಂಡಕ್ಕೆ ಕರೆದರೂ ಆಡಲಿ. ಆ ವಯಸ್ಸಿನಲ್ಲಿ ಒಳ್ಳೇ ಎದುರಾಳಿಗಳ ಮೇಲೆ ಆಡುವ ಅವಕಾಶವನ್ನು ‘ಮುಂದೆ ಇಂಡಿಯಾಕ್ಕೆ ಬೇಕಾಗಬಹುದು’ ಅಂತ ಬಿಡಿಸುವುದು ದಡ್ಡತನ. ಅದರಿಂದ ಇಂಡಿಯಾದ ಕಿಂಡಿ ಮುಚ್ಚುವುದೂ ಇಲ್ಲ. ನಿಜವಾದ ತೀರ್ಮಾನ ಬರುವುದು 19ರಿಂದ 21ರ ನಡುವೆ. ಆಗ ಅವನು ಯಾವ ಮಟ್ಟದ ಆಟಗಾರ ಅಂತಲೂ ಗೊತ್ತಾಗಿರುತ್ತದೆ. ಇಂಡಿಯಾಕ್ಕೆ ಆಡುವ ಆಸೆ ಅವನಿಗೇ ಇದ್ದರೆ, ಅಜ್ಜನಿಗಾಗಿ ಅಲ್ಲ, ಅವನಿಗೇ ಇದ್ದರೆ, ಬೇರೆ ದೇಶದ ಹಿರಿಯರ ತಂಡಕ್ಕೆ ಅಧಿಕೃತ ಪಂದ್ಯ ಆಡಲೇಬಾರದು, 21 ತುಂಬಿದ ಮೇಲೆ ಕಿರಿಯರ ತಂಡದ ಅಧಿಕೃತ ಪಂದ್ಯಕ್ಕೂ ಇಳಿಯಬಾರದು. ಇಲ್ಲಿನ ಒಂದು ಕ್ಲಬ್ಬಿನ ಜೊತೆ ಮಾತಾಡಿಕೊಂಡು ಒಂದು ವರ್ಷದ ವಾಸಕ್ಕೆ ತಯಾರಾಗಬೇಕು.

ನಿಮ್ಮ ಪತ್ರದ ಕೊನೆಯಲ್ಲಿ "ಅವನು ಐರ್ಲೆಂಡಿಗೆ ಆಡಿದರೆ ನಾನು ಟಿವಿ ಮುಂದೆ ಯಾರಿಗೆ ಚಪ್ಪಾಳೆ ತಟ್ಟಲಿ" ಅಂತ ತಮಾಷೆ ಮಾಡಿದ್ದೀರಿ. 2016ರ ಯೂರೋದಲ್ಲಿ ಝಾಕಾ ಅಣ್ಣ-ತಮ್ಮ ಎದುರಾಬದುರಾ ಆಡಿದರು. ಅಣ್ಣ ತೌಲಂಟ್ ಅಲ್ಬೇನಿಯಾಕ್ಕೆ, ತಮ್ಮ ಗ್ರಾನಿಟ್ ಸ್ವಿಟ್ಜರ್‌ಲೆಂಡಿಗೆ. ಅವರಮ್ಮ ಅರ್ಧ ಅಲ್ಬೇನಿಯಾ, ಅರ್ಧ ಸ್ವಿಟ್ಜರ್‌ಲೆಂಡಿನ ಟೀ ಶರ್ಟ್ ಹೊಲಿಸಿಕೊಂಡು ಗ್ಯಾಲರಿಯಲ್ಲಿ ಕೂತಿದ್ದರು. ‘ಕರ್ನಾಟಕದ ಮ್ಯಾಂಚೆಸ್ಟರ್’ ಅನ್ನಿಸಿಕೊಂಡಿದ್ದ ಊರು ನಿಮ್ಮದು. ಬಟ್ಟೆಗೂ ಟೈಲರ್‌ಗೂ ಬರವಿಲ್ಲ.